ಅಂಬಲ್ ಪೈ ಎಂದು ಓದಿದವಳು

‘ಗೊತ್ತಿಲ್ಲ’ ಎಂಬ ಮಾತನ್ನು ಸಲೀಸಾಗಿ ಆಡಬಲ್ಲವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಬಸ್ ನಿಲ್ದಾಣದಲ್ಲಿ ಪಕ್ಕದವರನ್ನು ‘ಪಿರಿಯಾಪಟ್ಟಣದ ಬಸ್ಸು ಎಷ್ಟು ಹೊತ್ತಿಗೆ’ ಎಂದು ಕೇಳಿ ನೋಡಿ. ‘ಗೊತ್ತಿಲ್ಲ ಕಣ್ರೀ’ ಎಂದು ಹೇಳಿ ಅವರು ಮತ್ತೆ ಕಡಲೆಕಾಯಿ ಬಿಡಿಸುತ್ತಾರೆ. ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ನನ್ನನ್ನು ಕೇಳಿದರೆ ‘ಈಗ ಹತ್ತು ನಿಮಿಷದಲ್ಲಿ ಬರಬೇಕು’ ಎಂದುಬಿಡುತ್ತೇನೆ. ಬಸ್ಸಿನ ಸಮಯ ನನಗೂ ಗೊತ್ತಿರುವುದಿಲ್ಲ. ಆದರೆ ನಾನು ಹುಣಸೂರಿನ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದವನು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದು ನನ್ನ ಉದ್ಯೋಗ ಎಂದು ನಂಬಿದ್ದವನು. ಉತ್ತರ ನಿಜವಾಗಿರಬೇಕು ಎಂಬ ಷರತ್ತನ್ನು ನನಗೆ ಯಾರೂ ವಿಧಿಸಿರಲಿಲ್ಲ.

ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಹೋದೊಡನೆ ಕಪ್ಪುಹಲಗೆಯ ಮೇಲಿನ ಮೂಲೆಯಲ್ಲಿ ಒಂದು ಇಂಗ್ಲಿಷ್ ನುಡಿಗಟ್ಟು ಬರೆಯುವುದು ನನ್ನ ಪದ್ಧತಿಯಾಗಿತ್ತು. ಅದರ ಅರ್ಥ ಹೇಳುತ್ತಿದ್ದೆ, ಆಮೇಲೆ ಅದು ಎಲ್ಲಿಂದ ಹುಟ್ಟಿತು ಎಂದು ಹೇಳುತ್ತಿದ್ದೆ. ಮಕ್ಕಳಿಗೆ ಬೇಕಾದದ್ದು ಆ ಎರಡನೆಯ ಭಾಗವೇ. ಚೀಲದಿಂದ ಬೆಕ್ಕನ್ನು ಹೊರಬಿಡುವುದು ಎಂದರೆ ಗುಟ್ಟು ರಟ್ಟುಮಾಡುವುದು, ಯಾಕೆಂದರೆ ಸಂತೆಯಲ್ಲಿ ಹಂದಿಮರಿ ಎಂದು ಹೇಳಿ ಚೀಲದಲ್ಲಿ ಬೆಕ್ಕು ಕಟ್ಟಿ ಮಾರುತ್ತಿದ್ದರಂತೆ ಎಂದು ಎಲ್ಲೋ ಓದಿದ್ದನ್ನು ಹೇಳಿದ ದಿನ ಇಡೀ ತರಗತಿ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯೇ ನನ್ನನ್ನು ಕೆಡಿಸಿತು. ಓದಿದ್ದು ತೀರಿಹೋಯಿತು, ಚಪ್ಪಾಳೆಯ ಆಸೆ ತೀರಲಿಲ್ಲ. ಬಕೆಟ್ ಒದೆಯುವುದು ಎಂದರೆ ಸಾಯುವುದು ಎಂದು ಯಾಕಾಯಿತು ಎಂದು ಕೇಳಿದಾಗ, ಲಂಡನ್ನಿನಲ್ಲಿ ಒಬ್ಬ ಹಾಲಿನವನಿದ್ದ ಎಂದು ಶುರು ಮಾಡಿದೆ. ಅವನಿಗೆ ಥಾಮಸ್ ಎಂದು ಹೆಸರಿಟ್ಟೆ, ಹೆಂಡತಿಯನ್ನು ಕೊಟ್ಟೆ, ಮೂರು ಮಕ್ಕಳನ್ನು ಕೊಟ್ಟೆ, ಕೊನೆಗೆ ಮಂಜಿನ ಬೆಳಗಿನಲ್ಲಿ ಅವನೇ ಇಟ್ಟ ಬಕೆಟ್ಟಿಗೆ ಕಾಲು ತಾಗಿಸಿ ಕೊಂದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕಣ್ಣು ಒರೆಸಿಕೊಂಡಳು. ನನಗೆ ಅಂದು ಊಟ ರುಚಿಸಿತು.

ಎಲ್ಲ ದಿನವೂ ಹೀಗೆ ಗೆಲ್ಲುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಕೋಣೆಯೊಳಗಿನ ಆನೆ ಎಂಬ ನುಡಿಗಟ್ಟನ್ನು ಬರೆದು, ಎಲ್ಲರಿಗೂ ಕಾಣುತ್ತಿದ್ದರೂ ಯಾರೂ ಬಾಯಿಬಿಡದ ವಿಷಯ ಎಂದು ವಿವರಿಸಿದೆ. ವೀರನಹೊಸಹಳ್ಳಿಯ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, ‘ಅದೆಂಗಾಯ್ತದೆ ಸಾರ್? ಆನೆ ಒಳೀಕ್ ಬಂದ್ರೆ ಯಾರೂ ಸುಮ್ನೆ ಕುಂತ್ಕಳಲ್ಲ. ತಮಟೆ ಬಡೀತೀವಿ, ಪಟಾಕಿ ಒಡೀತೀವಿ, ಊರೋರ್ನೆಲ್ಲ ಎಬ್ಬುಸ್ತೀವಿ’ ಎಂದಳು. ಇಂಗ್ಲೆಂಡಿನವರು ಸ್ವಲ್ಪ ಸಂಕೋಚದ ಜನ ಎಂದು ಹೇಳಿ ಪಾರಾದೆ.

ನಿವೃತ್ತನಾದ ಮೇಲೆ ಈ ಚಟವೂ ನಿವೃತ್ತವಾಗಬಹುದಿತ್ತು. ಆದರೆ ನನ್ನ ಹಳೆಯ ವಿದ್ಯಾರ್ಥಿ ಮಹದೇವಸ್ವಾಮಿ ಬಿಡಲಿಲ್ಲ. ಅವನು ಈಗ ಪಿರಿಯಾಪಟ್ಟಣದಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ತರಗತಿಯವರೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡು, ನನ್ನನ್ನೂ ಸೇರಿಸಿ, ‘ಸಾರ್, ದಿನಕ್ಕೊಂದು ನುಡಿಗಟ್ಟು ಹಾಕ್ತಾ ಇರಿ, ನಮ್ಗೂ ಸ್ಕೂಲ್ ನೆಪ್ಪಾಯ್ತದೆ’ ಎಂದರು. ಅಂದಿನಿಂದ ಬೆಳಿಗ್ಗೆ ಕಾಫಿಯಾದ ಮೇಲೆ ಒಂದು ನುಡಿಗಟ್ಟು, ಅದರ ಅರ್ಥ, ಅದರ ಹುಟ್ಟು ಇಷ್ಟನ್ನು ಬೆರಳಲ್ಲಿ ಕುಟ್ಟಿ ಕಳಿಸುತ್ತೇನೆ. ಹೆಬ್ಬೆಟ್ಟುಗಳು, ಕೈಮುಗಿದ ಚಿತ್ರಗಳು, ಗುಲಾಬಿ ಹೂಗಳು ಬರುತ್ತವೆ. ನನ್ನ ಹೆಂಡತಿ ಗೌರಮ್ಮ ಇದಕ್ಕೆ ‘ಮೇಷ್ಟ್ರ ಪೂಜೆ’ ಎಂದು ಹೆಸರಿಟ್ಟಿದ್ದಾಳೆ. ದೇವರ ಮನೆಯಲ್ಲಿ ಅವಳದು ಮುಗಿಯುವ ಹೊತ್ತಿಗೆ ಜಗುಲಿಯಲ್ಲಿ ನನ್ನದು ಶುರುವಾಗುತ್ತದೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ‘ಈಟ್ ಹಂಬಲ್ ಪೈ’ ಎಂಬುದನ್ನು ಹಾಕಿದೆ. ಅಕ್ಷರಶಃ ನೋಡಿದರೆ ವಿನಯದ ಪೈ ತಿನ್ನುವುದು, ಅಂದರೆ ತಪ್ಪಾಯಿತು ಎಂದು ತಲೆ ತಗ್ಗಿಸಿ ಒಪ್ಪಿಕೊಳ್ಳುವುದು. ಪೈ ಎಂದರೆ ನಮ್ಮ ಕಡುಬಿನ ಹಾಗೆ ಒಳಗೆ ಹೂರಣವಿಟ್ಟು ಬೇಯಿಸುವ ಒಂದು ತಿಂಡಿ. ಇಷ್ಟು ಬರೆಯುವಷ್ಟರಲ್ಲಿ ಹಾಲು ತರಲು ಕರೆ ಬಂತು, ಹುಟ್ಟಿನ ಕತೆ ಬರೆಯದೆ ಎದ್ದೆ. ವಾಪಸು ಬಂದಾಗ ರೇಣುಕಾಳ ಪ್ರಶ್ನೆ ಕಾದಿತ್ತು. ಅದೇ ಗುಂಪಿನ ಅವಳು ಈಗ ಕೆ.ಆರ್. ನಗರದಲ್ಲಿ ತಾನೂ ಇಂಗ್ಲಿಷ್ ಪಾಠ ಮಾಡುತ್ತಾಳೆ. ‘ಸಾರ್, ಪೈ ಯಾಕೆ ಅಂತ ಹೇಳಲಿಲ್ಲ. ನಾಳೆ ನನ್ನ ಮಕ್ಕಳಿಗೆ ಹೇಳಿಕೊಡಬೇಕು.’

ಈ ಪೈಗೂ ನನ್ನ ಹತ್ತಿರ ಒಂದು ಕತೆ ಇತ್ತು. ಜಂಬದ ಜಮೀನ್ದಾರನೊಬ್ಬ ಮಳೆಯಲ್ಲಿ ದಾರಿ ತಪ್ಪಿ, ಬಡವನ ಗುಡಿಸಲಿನಲ್ಲಿ ಒಣಕಲು ಪೈ ತಿಂದು, ಅಹಂಕಾರ ಕಳೆದುಕೊಂಡ ಎಂದು. ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದದ್ದು. ಅದನ್ನೇ ಕುಟ್ಟತೊಡಗಿದ್ದೆ. ಗೌರಮ್ಮ ಹೆಗಲ ಮೇಲಿಂದ ಬಗ್ಗಿ ನೋಡಿ, ‘ಇದು ನಿಜವಾ?’ ಎಂದಳು. ಇರಬಹುದು ಎಂದೆ. ‘ಆ ಮಗು ಇನ್ನು ನಲವತ್ತು ಮಕ್ಕಳಿಗೆ ಹೇಳುತ್ತೆ. ರಿಟೈರ್ ಆದಾಗ ಸ್ಕೂಲಿನವರು ಕೊಟ್ಟ ಆ ದಪ್ಪ ಡಿಕ್ಷನರಿ ನೋಡಬಾರದೇ. ನಾನು ಧೂಳು ಹೊಡೆದು ಹೊಡೆದು ಸಾಕಾಗಿದೆ, ನೀವು ಒಂದು ದಿನ ತೆರೆದಿದ್ದು ನೋಡಿಲ್ಲ’ ಎಂದಳು. ಮಾತು ನಿಜವೇ ಆಗಿದ್ದರಿಂದ ಸಿಟ್ಟು ಬಂತು, ಸಿಟ್ಟಿನಲ್ಲೇ ಹೋಗಿ ಡಿಕ್ಷನರಿ ಇಳಿಸಿದೆ.

ಅದರಲ್ಲಿ ಜಮೀನ್ದಾರ ಇರಲಿಲ್ಲ. ಗುಡಿಸಲೂ ಇರಲಿಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಜಿಂಕೆಯ ಕರುಳು, ಈಲಿ ಮುಂತಾದ ಒಳಭಾಗಗಳಿಗೆ, ಅಂದರೆ ನಮ್ಮ ಕಡೆ ಬೋಟಿ ಎನ್ನುತ್ತಾರಲ್ಲ ಅದಕ್ಕೆ, ‘ಅಂಬಲ್ಸ್’ ಎಂದು ಹೆಸರಿತ್ತಂತೆ. ಒಳ್ಳೆಯ ಮಾಂಸ ದೊರೆಗಳಿಗೆ, ಅಂಬಲ್ಸ್ ತುಂಬಿದ ಪೈ ಆಳುಕಾಳಿಗೆ. ಆ ಪದಕ್ಕೆ ಹಕಾರವೇ ಇಲ್ಲ. ಜೊತೆಗೆ ಅಲ್ಲಿನ ಹಳ್ಳಿಗರು ‘ಹಂಬಲ್’ ಎಂಬ ಬೇರೆ ಪದವನ್ನೂ ಹಕಾರ ನುಂಗಿ ‘ಅಂಬಲ್’ ಎಂದೇ ಆಡುತ್ತಿದ್ದುದರಿಂದ ಎರಡೂ ಕಲಸಿಹೋಗಿ, ತಮಾಷೆಗೆ ಹುಟ್ಟಿದ ಮಾತು ಹೀಗೆ ನಿಂತಿತಂತೆ. ಅಂದರೆ ಅದು ಮೊದಲಿಗೆ ಅಂಬಲ್ ಪೈ. ಹಕಾರ ಆಮೇಲೆ ಬಂದು ಕೂತದ್ದು.

ನಾನು ಕನ್ನಡಕ ತೆಗೆದು ಕೆಳಗಿಟ್ಟೆ. ಗೌರಮ್ಮ ‘ಯಾಕೆ, ಏನಾಯ್ತು?’ ಎಂದಳು. ಆಗಿದ್ದು ಇಪ್ಪತ್ತೆರಡು ವರ್ಷದ ಹಿಂದೆ.

ಒಂಬತ್ತನೆಯ ತರಗತಿ, ಮಹದೇವಸ್ವಾಮಿಯವರದ್ದೇ. ಹಲಗೆಯ ಮೇಲೆ ಇದೇ ನುಡಿಗಟ್ಟು. ಕಟ್ಟೆಮಳಲವಾಡಿಯಿಂದ ನಡೆದೂ ಬಸ್ಸಿನಲ್ಲೂ ಬರುತ್ತಿದ್ದ ಮಂಜುಳ ಎಂಬ ಹುಡುಗಿಯನ್ನು ಓದು ಎಂದೆ. ಎರಡು ಜಡೆ, ದೊಡ್ಡ ದನಿ, ಏನು ಕೇಳಿದರೂ ಮೊದಲು ಕೈ ಎತ್ತುವವಳು. ಎದ್ದು ನಿಂತು ಗಟ್ಟಿಯಾಗಿ, ‘ಈಟ್ ಅಂಬಲ್ ಪೈ’ ಎಂದಳು. ನಾನು, ‘ಏನಮ್ಮಾ, ಬೆಳಿಗ್ಗೆ ಅಂಬಲಿ ಕುಡಿದು ಬಂದಿದ್ದೀಯಾ?’ ಎಂದೆ.

ರಾಗಿ ಹಿಟ್ಟಿನ ಅಂಬಲಿ ನಮ್ಮಲ್ಲಿ ಯಾರು ಕುಡಿದಿಲ್ಲ? ಆದರೂ ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಳ್ಳುವಂತೆ ಹೇಳಿ, ‘ಹ ಅಂದಾಗ ಕೈಗೆ ಗಾಳಿ ತಗುಲಬೇಕು, ಈಗ ಹೇಳು’ ಎಂದು ನಿಲ್ಲಿಸಿಕೊಂಡು ಹತ್ತು ಸಲ ಹೇಳಿಸಿದೆ. ಪ್ರತಿ ಸಲವೂ ಅಂಬಲ್ ಎಂದೇ ಬಂತು, ಪ್ರತಿ ಸಲವೂ ನಗು. ಮಧ್ಯಾಹ್ನದ ಹೊತ್ತಿಗೆ ಅವಳು ಶಾಲೆಗೆಲ್ಲ ‘ಅಂಬಲಿ’ಯಾಗಿದ್ದಳು. ಆ ದಿನದ ನಂತರ ಅವಳು ಕೈ ಎತ್ತಿದ್ದು ನನಗೆ ನೆನಪಿಲ್ಲ. ಓದು ಎಂದರೆ ಎದ್ದು ನಿಂತು ಸುಮ್ಮನಿರುತ್ತಿದ್ದಳು. ಕೂತುಕೋ ಎಂದರೆ ಕೂರುತ್ತಿದ್ದಳು. ತರಗತಿ ಶಿಸ್ತಿನಿಂದ ಇದೆ ಎಂದು ನಾನು ಅಂದುಕೊಂಡೆ.

ಇದರಲ್ಲಿ ಇನ್ನೂ ಹೇಳಿಕೊಳ್ಳಲಾಗದ ಭಾಗವೊಂದಿದೆ. ನಾನೇನು ಹಕಾರ ಕಟ್ಟಿಕೊಂಡು ಹುಟ್ಟಿದವನಲ್ಲ. ಕೆ.ಆರ್. ನಗರದ ಕಡೆಯ ಒಕ್ಕಲು ಮನೆಯವನು. ಮೈಸೂರಿನ ಹಾಸ್ಟೆಲಿಗೆ ಸೇರಿದ ಮೊದಲ ದಿನ ಯಾವೂರು ಎಂದು ಕೇಳಿದವರಿಗೆ ‘ಅಳ್ಳಿ ಸಾರ್’ ಎಂದಿದ್ದೆ. ಎರಡು ವರ್ಷ ನನ್ನನ್ನು ಅಲ್ಲಿ ‘ಅಳ್ಳಿ’ ಎಂದೇ ಕರೆದರು. ಅಂಗೈ ಬಾಯಿಯ ಮುಂದಿಟ್ಟುಕೊಂಡು ಕಕ್ಕಸಿನಲ್ಲಿ ಕೂತು ಅಭ್ಯಾಸ ಮಾಡಿ ಹಕಾರ ಸಂಪಾದಿಸಿದವನು ನಾನು. ಹೀಗಾಗಿ ಆ ಹುಡುಗಿಗೆ ಏನಾಗುತ್ತಿದೆ ಎಂದು ಆ ಕೋಣೆಯಲ್ಲಿ ನನ್ನಷ್ಟು ಚೆನ್ನಾಗಿ ತಿಳಿದವರು ಇನ್ನೊಬ್ಬರಿರಲಿಲ್ಲ.

ಎಲ್ಲವನ್ನೂ ಗೌರಮ್ಮನಿಗೆ ಹೇಳಿದೆ. ಅವಳು, ‘ಅಂದರೆ ಆ ಹುಡುಗಿ ಸರಿಯಾಗೇ ಓದಿದ್ದಳು’ ಎಂದಳು. ಸರಿ ಎಂದಲ್ಲ, ಈಗಿನ ಉಚ್ಚಾರಣೆ ಹಂಬಲ್ ಎಂದೇ, ಆದರೆ ಚರಿತ್ರೆಯ ದೃಷ್ಟಿಯಿಂದ ಎಂದೇನೋ ಶುರು ಮಾಡಿದೆ. ‘ಹೋಗಿ ತಪ್ಪಾಯ್ತು ಅಂತ ಹೇಳಿ ಬನ್ನಿ’ ಎಂದು ಅವಳು ಒಳಗೆ ಹೋದಳು. ಚರಿತ್ರೆ ಜಗುಲಿಯಲ್ಲೇ ಉಳಿಯಿತು.

ವಾಟ್ಸಾಪ್ ಗುಂಪಿನಲ್ಲಿ ಮಂಜುಳ ಇರಲಿಲ್ಲ. ಗುಂಪು ಕಟ್ಟಿದಾಗಿನಿಂದ ಅವಳನ್ನು ಸೇರಿಸಬೇಕೆಂದು ಯಾರಿಗೂ ಅನಿಸಿರಲಿಲ್ಲ. ಎರಡು ದಿನ ಮಳೆಯ ನೆಪ ಹೇಳಿಕೊಂಡು, ಮೂರನೆಯ ದಿನ ಕಟ್ಟೆಮಳಲವಾಡಿಗೆ ಹೋದೆ. ಹಾಲಿನ ಡೈರಿಯ ಮುಂದೆ ಕ್ಯಾನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದ ವಯಸ್ಸಾದವರೊಬ್ಬರನ್ನು ಕೇಳಿದೆ. ಅವರ ಹೆಸರು ಸಿದ್ದಪ್ಪ.

‘ಮಂಜುಳನಾ? ಯಾವ ಮಂಜುಳ?’

ನನ್ನ ಹತ್ತಿರ ಓದಿದ್ದು, ತಂದೆ ಪುಟ್ಟಪ್ಪ ಎಂದೆ.

‘ಓ, ಅಂಬ್ಲಿ ಮಂಜಿ ಅನ್ನಿ ಮತ್ತೆ. ಅಂಗಂದ್ರೆ ತಾನೆ ಗೊತ್ತಾಗದು. ಬರೀ ಮಂಜುಳ ಅಂದ್ರೆ ಈ ಊರಲ್ಲಿ ಯಾರ್ ಏಳ್ತಾರೆ?’

ಅಂಬಲಿ ಎಂದು ಯಾಕೆ ಕರೆಯುತ್ತಾರೆ ಎಂದು ಕೇಳಿದೆ. ಯಾಕೆ ಕೇಳಿದೆನೋ. ಹುಟ್ಟು ಕೇಳುವ ಚಟ ಇರಬೇಕು.

‘ಅದಾ? ಅವ್ರಜ್ಜಿ ಇದ್ಲು ನೋಡಿ, ಬೋ ಧರ್ಮಾತ್ಮೆ. ಬೇಸಗೇಲಿ ದಾರೀಲ್ ಓಗೋ ಬರೋರ್ಗೆಲ್ಲ ಅಂಬ್ಲಿ ಕೊಡೋಳಂತೆ. ಆ ಮನೆ ಅಂಬ್ಲಿ ಮನೆ ಅಂತ್ಲೇ ಎಸ್ರಾಯ್ತು. ಮೊಮ್ಮಗ್ಳಿಗೂ ಅದೇ ಬಂತು.’

ನನ್ನ ತಪ್ಪಿಗೆ ಊರವರು ಎಷ್ಟು ಚೆಂದದ ಹುಟ್ಟು ಕಟ್ಟಿಕೊಟ್ಟಿದ್ದರು. ನನ್ನ ಥಾಮಸನಿಗಿಂತ, ಜಮೀನ್ದಾರನಿಗಿಂತ ಎಷ್ಟೋ ವಾಸಿ. ‘ಇಲ್ಲ ಸ್ವಾಮಿ, ಆ ಹೆಸರು ಇಟ್ಟವನು ನಾನು’ ಎಂದು ಆಗಲೇ ಹೇಳಬೇಕಿತ್ತು. ಬಾಯಿಯವರೆಗೆ ಬಂತು ಕೂಡ. ಆದರೆ ನಾನು ತಲೆಯಾಡಿಸಿ, ‘ಒಳ್ಳೆ ಮನೆತನ’ ಎಂದೆ. ಸಿದ್ದಪ್ಪನವರು, ‘ಈಗ ಉಣ್ಸೂರಲ್ಲೇ ಅವ್ಳೆ, ಬಸ್ ಕಂಡಕ್ಟ್ರು. ಒಂಬತ್ತೂವರೆ ಕ್ವಾಟೆ ಬಸ್ಸಲ್ಲಿ ಸಿಕ್ತಾಳೆ ನೋಡಿ’ ಎಂದರು. ನನ್ನ ಮನೆಯಿಂದ ಬಸ್ ನಿಲ್ದಾಣ ಕೂಗಳತೆಯಲ್ಲಿದೆ.

ಮಾರನೆಯ ದಿನ ಒಂಬತ್ತಕ್ಕೇ ಹೋಗಿ ನಿಂತೆ. ಹೆಗ್ಗಡದೇವನಕೋಟೆಗೆ ಹೋಗುವ ಬಸ್ಸುಗಳ ಕಂಡಕ್ಟರುಗಳೆಲ್ಲ ‘ಕ್ವಾಟೆ ಕ್ವಾಟೆ ಕ್ವಾಟೆ’ ಎಂದು ಒಂದೇ ಉಸಿರಿಗೆ ಕೂಗುತ್ತಾರೆ. ಒಂದು ಬಸ್ಸಿನ ಬಾಗಿಲಲ್ಲಿ ಮಾತ್ರ ಖಾಕಿ ಅಂಗಿ ತೊಟ್ಟ, ಮಟ್ಟಸ ಎತ್ತರದ ಹೆಂಗಸೊಬ್ಬಳು ನಿಂತು, ‘ಹೆಗ್ಗಡದೇವನಕೋಟೆ, ಹೆಗ್ಗಡದೇವನಕೋಟೆ’ ಎಂದು ಹೆಸರನ್ನು ಪೂರ್ತಿಯಾಗಿ ಕೂಗುತ್ತಿದ್ದಳು. ಕೂಗುವಾಗ ಒಂದು ಅಂಗೈ ಬಾಯಿಯ ಮುಂದಿತ್ತು. ದನಿ ದೂರ ಹೋಗಲಿ ಎಂದಿರಬೇಕು ಅಂದುಕೊಂಡೆ. ಹತ್ತುವವರಿಗೆ ‘ಹೊಳಗೆ ಹೋಗಿ, ಹೊಳಗೆ ಜಾಗ ಹಿದೆ’ ಎನ್ನುತ್ತಿದ್ದಳು. ಇಬ್ಬರು ಕಾಲೇಜು ಹುಡುಗಿಯರು ‘ಹೊಳಗೆ’ ಎಂದು ಪಿಸುಗುಟ್ಟಿಕೊಂಡು ನಕ್ಕರು. ನಾನು ಅವರ ಹಿಂದೆಯೇ ತಲೆ ತಗ್ಗಿಸಿ ಹತ್ತಿದೆ.

ಬಸ್ಸು ಹೊರಟು ಲಕ್ಷ್ಮಣತೀರ್ಥದ ಸೇತುವೆ ದಾಟಿದ ಮೇಲೆ ಟಿಕೆಟ್ ಕೊಡುತ್ತಾ ನನ್ನ ಸೀಟಿನ ಹತ್ತಿರ ಬಂದಳು. ನೋಡಿದೊಡನೆ ಗುರುತಿಸಿದಳು.

‘ಸಾರ್, ನೀವಾ. ಹೆಲ್ಲಿಗೆ?’

‘ನಿನ್ನ ಹತ್ತಿರಾನೇ ಬಂದೆ,’ ಎಂದೆ. ಏಕವಚನ ಬಂದುಬಿಟ್ಟಿತ್ತು. ‘ನಿಮ್ಮ ಹತ್ತಿರ’ ಎಂದು ತಿದ್ದಿಕೊಂಡೆ.

‘ಅಂಗಂದ್ರೆ ಮಿಷಿನ್ನಲ್ಲಿ ಟಿಕೆಟ್ ಬರಲ್ಲ ಸಾರ್. ಯಾವ ಸ್ಟಾಪು ಹೇಳಿ.’

ಕೋಟೆಗೇ ಕೊಡಿ ಎಂದೆ. ಟಿಕೆಟ್ ಹರಿದು ಕೊಟ್ಟು ಮುಂದೆ ಹೋಗಲು ಹೊರಟವಳನ್ನು, ಒಂದು ನಿಮಿಷ ಎಂದು ನಿಲ್ಲಿಸಿದೆ. ನಾಲ್ಕು ದಿನದಿಂದ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಒಟ್ಟಿಗೆ ನುಗ್ಗಿತು. ಅಂಬಲ್ಸ್ ಎಂಬ ಪದವಿತ್ತು, ಅದು ಜಿಂಕೆಯ ಕರುಳು, ಆಳುಗಳು ತಿನ್ನುತ್ತಿದ್ದರು, ಹಕಾರ ಆಮೇಲೆ ಸೇರಿದ್ದು ಎಂದು ಹೇಳಿದೆ. ಪಿಸುದನಿಯಲ್ಲಿ ಹೇಳೋಣವೆಂದರೆ ಬಸ್ಸಿನ ಸದ್ದು. ಅವಳು ಕಿವಿಗೆ ಕೈ ಹಚ್ಚಿ ‘ಏನ್ ಸಾರ್?’ ಎಂದಾಗ ದನಿ ಏರಿಸಬೇಕಾಯಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬಳು, ಕೋಟೆಯಲ್ಲಿರುವ ಮಗಳ ಮನೆಗೆ ಹೊರಟವಳು, ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ‘ಅದೇನವ್ವಾ ಕರ್ಳು ಅಂತಾವ್ರೆ ಮೇಷ್ಟ್ರು? ಉಸಾರಿಲ್ವಾ?’ ಎಂದಳು.

‘ಗೊತ್ತಿಲ್ಲ ಅಜ್ಜಿ. ಏನೋ ಏಳಕ್ ಬಂದವ್ರೆ,’ ಎಂದಳು ಮಂಜುಳ. ನನ್ನ ಕಡೆ ತಿರುಗಿ, ‘ನೇರ್ವಾಗಿ ಏಳಿ ಸಾರ್’ ಎಂದಳು.

‘ಇಪ್ಪತ್ತೆರಡು ವರ್ಷದ ಹಿಂದೆ ಕ್ಲಾಸಿನಲ್ಲಿ ನಿಮಗೆ ಅಂಬಲಿ ಅಂತ ಹೆಸರಿಟ್ಟೆ. ನೀವು ಓದಿದ್ದು ಸರಿಯಾಗೇ ಇತ್ತು. ನನ್ನದು ತಪ್ಪಾಯಿತು,’ ಎಂದೆ. ಗಟ್ಟಿಯಾಗಿಯೇ ಹೇಳಿದೆ. ಮುಂದಿನ ಎರಡು ಸೀಟಿನವರು ಹಿಂತಿರುಗಿ ನೋಡಿದರು. ಕಾಲೇಜು ಹುಡುಗಿಯರು ಕಿವಿಯಿಂದ ಹಾಡು ಕೇಳುವ ತಂತಿ ತೆಗೆದರು.

ಮಂಜುಳ ಸೀಟಿನ ಕಂಬಿ ಹಿಡಿದು ನಿಂತು ನನ್ನನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಕೇಳಿದಳು: ‘ನಾನು ಓದಿದ್ದು ಸರಿ ಅಂತ ಗೊತ್ತಾಗಿದ್ಕೆ ಬಂದ್ರಾ ಸಾರ್? ತಪ್ಪಾಗ್ ಓದಿದ್ರೆ ಬತ್ತಿರ್ನಿಲ್ವಾ?’

ಮೂವತ್ತೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ಡಿಕ್ಷನರಿಯಲ್ಲಿ ಆ ಸಾಲು ಇಲ್ಲದೇ ಹೋಗಿದ್ದರೆ ನಾನು ಈ ಬಸ್ಸು ಹತ್ತುತ್ತಿದ್ದೆನೇ? ಜಿಂಕೆಯ ಕರುಳು ಬಂದು ಸಾಕ್ಷಿ ಹೇಳಬೇಕಾಯಿತೇ? ಯಾವ ಕತೆಯೂ ನೆರವಿಗೆ ಬರಲಿಲ್ಲ. ‘ಗೊತ್ತಿಲ್ಲ’ ಎಂದೆ. ಅದು ಇಷ್ಟು ಚಿಕ್ಕ ಮಾತು ಎಂದು ನನಗೆ ತಿಳಿದೇ ಇರಲಿಲ್ಲ.

ಅವಳು ತಲೆಯಾಡಿಸಿ, ಯಾರೋ ಇಳಿಯಬೇಕೆಂದು ಕೂಗಿದ್ದಕ್ಕೆ ಸೀಟಿ ಊದಿ ಬಾಗಿಲಿನತ್ತ ಹೋದಳು. ಅಜ್ಜಿ ನನ್ನತ್ತ ಸ್ವಲ್ಪ ವಾಲಿಕೊಂಡು, ‘ಐಕ್ಳಿಗೆ ಅಂಗೆಲ್ಲ ಎಸ್ರಿಡಬಾರ್ದು ಕಣಪ್ಪ’ ಎಂದಳು. ಹೌದಮ್ಮಾ ಎಂದೆ. ‘ನಮ್ ಮೇಷ್ಟ್ರೂ ನಂಗೆ ಕುಂಬಳಕಾಯಿ ಅಂತಿದ್ರು. ಈಗಿಲ್ಲ ಅವ್ರು, ಇದ್ದಿದ್ರೆ ಓಗಿ ಕೇಳ್ಬೋದಿತ್ತು’ ಎಂದು ಕಿಟಕಿಯ ಆಚೆ ನೋಡುತ್ತಾ ಕೂತಳು. ಉಳಿದ ದಾರಿಯುದ್ದಕ್ಕೂ ಸತ್ತುಹೋದ ಆ ಮೇಷ್ಟ್ರ ಪಾಲಿನ ಅವಮಾನವನ್ನೂ ನಾನೇ ಹೊತ್ತುಕೊಂಡು ಕೂತೆ.

ಕೋಟೆಯಲ್ಲಿ ಎಲ್ಲರೂ ಇಳಿದ ಮೇಲೆ ನಾನೂ ಇಳಿದೆ. ಬಸ್ಸು ಮತ್ತೆ ಹೊರಡಲು ಸಮಯವಿತ್ತು. ಮಂಜುಳ ನಿಲ್ದಾಣದ ಕ್ಯಾಂಟೀನಿನಲ್ಲಿ ಎರಡು ಟೀ ಹೇಳಿ, ನನಗೊಂದು ಕೊಟ್ಟಳು. ಅಂಬಲಿ ಅಜ್ಜಿಯ ಬಗ್ಗೆ ಸಿದ್ದಪ್ಪನವರಿಂದ ಕೇಳಿದ್ದನ್ನು ಹೇಳಿದೆ, ಆಗ ಒಂದೊಂದಾಗಿ ಹೇಳಿದಳು. ಅಜ್ಜಿಯ ಕತೆ ಊರವರು ಕಟ್ಟಿದ್ದಲ್ಲವಂತೆ, ಅವಳೇ ಕಟ್ಟಿದ್ದಂತೆ.

‘ಮದ್ವೆ ಮಾತಾಡಕ್ ಬಂದಾಗ ನಮ್ಮತ್ತೆ ಕೇಳುದ್ರು ಸಾರ್, ಅಂಬ್ಲಿ ಅಂತ ಯಾಕಂತಾರೆ ಅಂತ. ಇಂಗ್ಲೀಷ್ ಬರ್ದೆ ಮೇಷ್ಟ್ರು ಆಡ್ಕಂಡ್ರು ಅಂತ ಏಳಕ್ಕಾಯ್ತದಾ? ನಮ್ಮಜ್ಜಿ ಎಸ್ರು ಏಳ್ಬುಟ್ಟೆ. ಅಜ್ಜಿಗೆ ಒಳ್ಳೆ ಎಸ್ರು ಬಂತು, ನಂಗೂ ಮಾನ ಉಳೀತು. ಅವ್ಳು ಯಾರ್ಗೂ ಅಂಬ್ಲಿ ಕೊಟ್ಟೋಳಲ್ಲ. ಬೋ ಜಿಪುಣಿ.’

ನಾನು ನಗಬೇಕೋ ಬೇಡವೋ ತಿಳಿಯದೆ ಟೀ ಕುಡಿದೆ. ಬಾಯಿಯ ಮುಂದೆ ಅಂಗೈ ಯಾಕೆ ಹಿಡಿಯುತ್ತೀರಿ ಎಂದು ಕೇಳಿದೆ.

‘ನೀವೇ ಏಳ್ಕೊಟ್ಟಿದ್ರಲ್ಲ ಸಾರ್, ಗಾಳಿ ತಗುಲ್ಬೇಕು ಅಂತ. ಕೆಲ್ಸಕ್ ಸೇರಿದಾಗಿಂದ ಅಭ್ಯಾಸ ಆಗೋಯ್ತು. ಡ್ಯೂಟೀಲಿ ತಪ್ಪಾಗ್ಬಾರ್ದಲ್ಲ. ಎಲ್ಲಿ ಆಕ್ಬೇಕು, ಎಲ್ಲಿ ಬುಡ್ಬೇಕು ಅಂತ ಇನ್ನೂ ಗೊತ್ತಾಗಲ್ಲ, ಅದ್ಕೆ ಎಲ್ಲಾ ಕಡೆನೂ ಆಕ್ತೀನಿ.’

ಬೇಜಾರಿದೆಯೇ ಎಂದು ಕೇಳಿದೆ. ಇಲ್ಲ ಎಂದು ಹೇಳಲಿ ಎಂಬ ಆಸೆಯಿಂದಲೇ ಕೇಳಿದ್ದು, ಒಪ್ಪಿಕೊಳ್ಳುತ್ತೇನೆ.

‘ಇಲ್ಲ ಅಂದ್ರೆ ಸುಳ್ಳಾಯ್ತದೆ ಸಾರ್. ಇತ್ತು. ಈಗ ಕಮ್ಮಿ. ಬಂದ್ರಲ್ಲ, ಅದೊಂದ್ ಒಳ್ಳೇದಾಯ್ತು.’ ಲೋಟ ಕೆಳಗಿಟ್ಟು ಚೀಲ ಹೆಗಲಿಗೇರಿಸಿದಳು. ‘ಆದ್ರೆ ನೀವು ಅಂದಿದ್ದು ಆ ಕ್ಲಾಸಿನ್ ಮುಂದೆ. ಈ ಬಸ್ಸಿನೋರ್ಗೆ ಏನ್ ಗೊತ್ತು ಪಾಪ. ಆ ಕ್ಲಾಸಿನೋರ್ ಮುಂದೇನೂ ಏಳ್ಬುಡಿ.’

ಹೇಳುತ್ತೇನೆ ಎಂದು ಮಾತು ಕೊಟ್ಟು, ಅವಳ ಬಸ್ಸಿನಲ್ಲೇ ವಾಪಸಾದೆ.

ಮಾರನೆಯ ಬೆಳಿಗ್ಗೆ ನುಡಿಗಟ್ಟಿನ ಬದಲು ಇದನ್ನೇ ಬರೆದೆ. ಎಂಟು ಸಲ ಅಳಿಸಿದೆ. ಮೊದಮೊದಲು ಬರೆದದ್ದರಲ್ಲೆಲ್ಲ ನನ್ನ ತಪ್ಪು ಹೇಗೋ ಸ್ವಲ್ಪ ಘನತೆ ಪಡೆದುಕೊಂಡುಬಿಡುತ್ತಿತ್ತು. ಒಂದರಲ್ಲಿ ಅಂದಿನ ಶಿಕ್ಷಣ ಪದ್ಧತಿಯ ಮೇಲೆ ಹೊರಿಸಿದ್ದೆ, ಇನ್ನೊಂದರಲ್ಲಿ ನನ್ನ ಹಾಸ್ಟೆಲಿನ ಮೇಲೆ. ಗೌರಮ್ಮ ಓದಿ ಓದಿ ಬೇಡ ಎಂದಳು. ಕೊನೆಗೆ ನಾಲ್ಕು ಸಾಲು ಉಳಿಯಿತು: ನಿಮ್ಮೆಲ್ಲರ ಮುಂದೆ ಮಂಜುಳ ಎಂಬ ನಿಮ್ಮ ಸಹಪಾಠಿಯನ್ನು ಅವಮಾನ ಮಾಡಿದ್ದೆ, ಅದು ನನ್ನ ತಪ್ಪು, ಅವರ ಕ್ಷಮೆ ಕೇಳಿದ್ದೇನೆ, ನಕ್ಕ ನೀವೂ ಒಮ್ಮೆ ಯೋಚಿಸಿ. ಜೊತೆಗೆ ಥಾಮಸನೂ ಜಮೀನ್ದಾರನೂ ನಾನು ಕಟ್ಟಿದವರು, ರೇಣುಕಾ ಅದನ್ನು ಪಾಠ ಮಾಡಬಾರದು ಎಂದು ಸೇರಿಸಿದೆ. ಕಣ್ಣು ಮುಚ್ಚಿ ಕಳಿಸಿದೆ.

ಉಗಿಸಿಕೊಳ್ಳಲು ತಯಾರಾಗಿ ಕೂತವನಿಗೆ ಬಂದದ್ದು ಹೂವಿನ ಮಳೆ. ‘ದೊಡ್ಡ ಮನಸ್ಸು ಸಾರ್.’ ‘ಇಂಥ ಗುರುಗಳು ಈಗೆಲ್ಲಿ.’ ‘ನಿಮ್ಮ ಸರಳತೆಗೆ ಶರಣು.’ ಕೈಮುಗಿದ ಚಿತ್ರಗಳು ಎಣಿಸಲಾರದಷ್ಟು. ಎರಡು ಕಣ್ಣೀರಿನ ಮುಖ. ಒಬ್ಬನಾದರೂ ಮಂಜುಳ ಈಗ ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ಕೇಳಲಿಲ್ಲ. ಅದು ಗಮನಕ್ಕೆ ಬರಲು ನನಗೂ ಒಂದು ಗಂಟೆ ಬೇಕಾಯಿತು. ಆ ಒಂದು ಗಂಟೆ ನಾನು ಹೂಗಳನ್ನು ನೋಡುತ್ತಿದ್ದೆ.

ಹತ್ತು ಗಂಟೆಗೆ ಮಹದೇವಸ್ವಾಮಿ ಫೋನ್ ಮಾಡಿದ. ‘ಸಾರ್, ಓದಿ ಕಣ್ಣಲ್ಲಿ ನೀರ್ ಬಂತು. ನಾವೆಲ್ಲ ಮಾತಾಡ್ಕಂಡ್ವಿ. ನಿಮ್ಮ ವಿನಯಕ್ಕೆ ಒಂದು ಸನ್ಮಾನ ಇಟ್ಕಳಣ ಅಂತ. ಶಾಲು, ಪೇಟ, ಹಾರ ಎಲ್ಲಾ ನನ್ ಕಡೆಯಿಂದ.’

ಛೆ, ಅದೆಲ್ಲ ಬೇಡ ಎಂದು ಹೇಳಬೇಕೆಂದೇ ಬಾಯಿ ತೆರೆದೆ. ‘ಯಾವ ದಿನ?’ ಎಂದು ಕೇಳಿಬಿಟ್ಟಿದ್ದೆ. ಒಳಗಿನಿಂದ ಗೌರಮ್ಮ ಒಮ್ಮೆ ಕೆಮ್ಮಿದಳು. ನಾನು ಎಚ್ಚೆತ್ತುಕೊಂಡು, ‘ನನಗಲ್ಲಪ್ಪಾ, ಮಾಡುವುದಿದ್ದರೆ ಮಂಜುಳಾಗೆ ಮಾಡಿ. ಅವರನ್ನು ಕರೆಸಿ, ನಿಮ್ಮ ಗುಂಪಿಗೂ ಸೇರಿಸಿ’ ಎಂದೆ.

‘ಆಗ್ಲಿ ಸಾರ್, ಅದಕ್ಕೇನು. ಯಾವ ಮಂಜುಳ? ನಮ್ ಕ್ಲಾಸಲ್ಲೇ ನಾಕ್ ಜನ ಮಂಜುಳ ಇದ್ರಲ್ಲ.’

ಕಟ್ಟೆಮಳಲವಾಡಿಯವಳು ಎಂದೆ. ಅಲ್ಲಿಂದಲೂ ಇಬ್ಬರು ಬರುತ್ತಿದ್ದರಂತೆ. ಪುಟ್ಟಪ್ಪನ ಮಗಳು ಎಂದೆ. ಅಪ್ಪಂದಿರ ಹೆಸರು ಅವನಿಗೆ ನೆನಪಿರಲಿಲ್ಲ. ಎರಡು ಜಡೆ ಹಾಕುತ್ತಿದ್ದಳು ಎಂದ ಮೇಲೆ, ಎಲ್ಲ ಹುಡುಗಿಯರೂ ಎರಡು ಜಡೆಯೇ ಹಾಕುತ್ತಿದ್ದರು ಎಂದು ನನಗೇ ಹೊಳೆಯಿತು. ಒಂದೇ ಒಂದು ಪದ ಹೇಳಿದರೆ ಅವನಿಗೆ ಥಟ್ಟನೆ ಗುರುತು ಸಿಗುತ್ತಿತ್ತು. ಆ ಪದವನ್ನು ಇನ್ನು ಜೀವಮಾನದಲ್ಲಿ ಆಡಬಾರದು ಎಂದುಕೊಂಡೆ. ‘ಈಗ ಬಸ್ ಕಂಡಕ್ಟರ್ ಆಗಿದ್ದಾರೆ, ಕೋಟೆ ರೂಟಿನಲ್ಲಿ’ ಎಂದು ಮಾತ್ರ ಹೇಳಿದೆ.

ಅತ್ತ ಮಹದೇವಸ್ವಾಮಿ, ‘ಓ, ಅಂಬ್ಲಿನಾ ಸಾರ್’ ಎಂದು ನಗತೊಡಗಿದ.

ನಾನೂ ನಕ್ಕೆ. ತುಂಬ ಅಲ್ಲ, ಸ್ವಲ್ಪ.